ಕೊನೆಗೂ ಬದು ಎದ್ದಿತು: ಅವಳಿ ಕುಳಿ, 43ನೇ ಪ್ರಯತ್ನ

ಎದ್ದಿದೆ! ಎರಡು ಕುಳಿಗಳ ನಟ್ಟನಡುವೆ, ಎರಡು ಹೊಲಗಳ ಮಧ್ಯದ ಬದುವಿನ ಹಾಗೆ, ನೆಟ್ಟಗೆ. ಎತ್ತರ ಬರೀ 3 ಮಿಲಿಮೀಟರ್. ಆದರೆ ಟಾರ್ಚನ್ನು ಮರಳಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಹಿಡಿದರೆ ಅದರ ನೆರಳು ಬೆರಳುದ್ದ ಬೀಳುತ್ತದೆ. ನಿನ್ನೆ ರಾತ್ರಿಯಿಂದ ಎಷ್ಟು ಸಲ ಹೋಗಿ ನೋಡಿ ಬಂದೆನೋ ಲೆಕ್ಕವಿಲ್ಲ.

ಹೊಸಬರಿಗೆ ಒಂದು ಮಾತು: ಚಂದ್ರ, ಮಂಗಳದ ಮೇಲಿನಂಥ ಕುಳಿಗಳನ್ನು ಮನೆಯಲ್ಲೇ ಮಾಡಿ ನೋಡುವ ಆಟ ಇದು. ಟ್ರೇಯಲ್ಲಿ ಜರಡಿ ಹಿಡಿದ ಮರಳು, ಮೇಲೊಂದು ಬಣ್ಣದ ಮರಳಿನ ಪದರ, ಅದರ ಮೇಲೆ ಗುಂಡು ಬೀಳಿಸುವುದು. ಈ ಸಲ ಒಂದೇ ವಿಷಯ: ಎರಡು ಗುಂಡುಗಳನ್ನು ಒಂದೇ ಕ್ಷಣದಲ್ಲಿ ಬೀಳಿಸುವುದು. ಹೇಳೋಕೆ ಸುಲಭ, ಅಲ್ವಾ? ಇದಕ್ಕೇ ಆರು ವಾರ ಹೋಯಿತು.

ಒಂದೇ ಕ್ಷಣ ಯಾಕೆ ಅಂದರೆ, ಮಂಗಳದ ಝುನಿಲ್ ಕುಳಿಯನ್ನು ನೋಡಿ. ಅದರ ಅಗಲ ಸುಮಾರು 10 ಕಿ.ಮೀ. ಅಷ್ಟೇ. ಆದರೆ ಅದು ಉಂಟಾದಾಗ ಸಿಡಿದ ಕಲ್ಲುಗಳು ಬಿದ್ದು ಸುಮಾರು 1 ಕೋಟಿ ಮರಿ ಕುಳಿಗಳಾದವು ಅಂತ 2005ರಲ್ಲಿ ಗ್ರಹ ವಿಜ್ಞಾನಿ ಮೆಕ್‌ಇವನ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಕೆಲವು 1,600 ಕಿ.ಮೀ. ದೂರದಲ್ಲಿವೆ. ಆಕಾಶದಿಂದ ಬಂದದ್ದು ಒಂದು ಕಲ್ಲು, ನೆಲದ ಮೇಲೆ ಒಂದು ಕೋಟಿ ಗುರುತು! ಕುಳಿ ಎಣಿಸಿ ನೆಲದ ವಯಸ್ಸು ಹೇಳುವವರು (ಕುಳಿ ಹೆಚ್ಚಿದ್ದಷ್ಟೂ ನೆಲ ಹಳೆಯದು) ಇವನ್ನೂ ಸೇರಿಸಿಕೊಂಡರೆ ನಿನ್ನೆ ಮೊನ್ನೆಯ ನೆಲವೂ ಮುದಿಯಾಗಿ ಕಾಣುತ್ತದೆ. ಹಾಗಾಗಿ ಮರಿ ಕುಳಿಯನ್ನು ಗುರುತಿಸಲು ಬರಬೇಕು. ಅದು ಆಳವಿಲ್ಲದ, ಸೊಟ್ಟಗಿರುವ, ಗುಂಪಿನಲ್ಲಿರುವ ಕುಳಿ. ನೇರ ಬಡಿತದ ಸಣ್ಣ ಕುಳಿಯ ಆಳ ಅಗಲದ ಐದನೇ ಒಂದರಷ್ಟಿದ್ದರೆ, ಮರಿ ಕುಳಿಯದು ಹತ್ತನೇ ಒಂದರ ಆಸುಪಾಸು. ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು ಮಾತ್ರ ಈ ಬದು. ಅಕ್ಕಪಕ್ಕ ಒಟ್ಟಿಗೆ ಬಿದ್ದ ಎರಡು ಕಲ್ಲುಗಳು ಎಬ್ಬಿಸಿದ ಮಣ್ಣು ಗಾಳಿಯಲ್ಲೇ ಡಿಕ್ಕಿ ಹೊಡೆದು, ನಡುವೆ ಸಾಲಾಗಿ ಉದುರುತ್ತದೆ. ಒಂದು ಇಂದು, ಇನ್ನೊಂದು ನಾಳೆ ಬಿದ್ದರೆ ಈ ಬದು ಏಳುವುದೇ ಇಲ್ಲ.

ಈಗ ಗೋಳಿನ ಕಥೆ. 16 ಮಿ.ಮೀ. ಬೇರಿಂಗ್ ಗುಂಡು ಎರಡು, ನಡುವೆ 10 ಸೆಂ.ಮೀ. ಅಂತರ, 1.5 ಮೀಟರ್ ಎತ್ತರ, ಹಿಡಿದುಕೊಳ್ಳಲು ಎರಡು ಎಲೆಕ್ಟ್ರೋಮ್ಯಾಗ್ನೆಟ್ (ಕರೆಂಟ್ ಹರಿದಾಗ ಮಾತ್ರ ಎಳೆಯುವ ಅಯಸ್ಕಾಂತ), ಒಂದೇ ಸ್ವಿಚ್. ಬದು ಬರಬೇಕಾದ ಜಾಗದಲ್ಲಿ ಪ್ರತಿ ಸಲವೂ ಒಂದು ಕಲಸಿದ ಉಬ್ಬು. ಅದೂ ಒಂದು ಕುಳಿಯ ಕಡೆಗೆ ವಾಲಿಕೊಂಡು. ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮ್ ವಿಡಿಯೊ ಹಿಡಿದೆ. ಐದು ಫ್ರೇಮ್ ವ್ಯತ್ಯಾಸ! ಅಂದರೆ 21 ಮಿಲಿಸೆಕೆಂಡ್. ಮೊದಲ ಗುಂಡು ಮರಳು ಮುಟ್ಟಿದಾಗ ಎರಡನೆಯದು ಇನ್ನೂ 11 ಸೆಂ.ಮೀ. ಮೇಲಿತ್ತು.

ಮೀಟರ್ ಹಿಡಿದು ನೋಡಿದರೆ ಒಂದು ಮ್ಯಾಗ್ನೆಟ್ಟಿನ ಕಾಯಿಲ್ (ತಂತಿಯ ಸುರುಳಿ) ಕರೆಂಟಿಗೆ ಒಡ್ಡುವ ತಡೆ 11 ಓಮ್, ಇನ್ನೊಂದರದು 14. "ಜೋಡಿ" ಅಂತ ಹೆಸರು ಹಾಕಿ ಮಾರಿದ ಮಾಲು ಇದು. ಮರಳು ಕೊಟ್ಟವರದ್ದೂ ಅದೇ ಕಥೆ: ಚೀಲದ ಮೇಲೆ "ಒಣಗಿಸಿದ್ದು", ಒಳಗೆ ಹೆಂಟೆ. ಅಳೆದು ಜೋಡಿಸಿ ಕಳಿಸೋಕೆ ಎಷ್ಟು ಹೊತ್ತು ಬೇಕು?

ಕಾಯಿಲ್‌ಗಳನ್ನು ಸೀರೀಸ್‌ಗೆ, ಅಂದರೆ ಒಂದರ ಹಿಂದೆ ಒಂದಾಗಿ, ಹಾಕಿದೆ. ಒಂದೊಂದಕ್ಕೂ ಇದ್ದ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಕಿತ್ತು, ಎರಡಕ್ಕೂ ಸೇರಿ ಒಂದೇ ಡಯೋಡ್, ಜೊತೆಗೊಂದು ರೆಸಿಸ್ಟರ್. ಕರೆಂಟ್ ಬೇಗ ಸಾಯಲಿ, ಎರಡರಲ್ಲೂ ಒಟ್ಟಿಗೇ ಸಾಯಲಿ ಅಂತ. ಐದು ಫ್ರೇಮ್ ಇದ್ದದ್ದು ಮೂರಕ್ಕೆ ಇಳಿಯಿತು. ಅಲ್ಲೇ ನಿಂತಿತು. ಎರಡು ವಾರ ಅಲ್ಲೇ.

ದಾರಿ ತೋರಿಸಿದ್ದು ಗುಂಡೇ. ಒಂದು ಸಂಜೆ ಕುಳಿಯಿಂದ ಎತ್ತಿದಾಗ ಅದರ ಒಂದು ಮಗ್ಗುಲಿಗೆ ಕಪ್ಪು ಕಣಗಳು ಮೀಸೆಯ ಹಾಗೆ ನೆಟ್ಟಗೆ ನಿಂತಿದ್ದವು. ಒರೆಸಿದರೂ ಹೋಗಲಿಲ್ಲ. ಮರಳಿನಲ್ಲಿದ್ದ ಮ್ಯಾಗ್ನಟೈಟ್, ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು! ಅಂದರೆ ಗುಂಡಿಗೇ ಅಯಸ್ಕಾಂತ ಹಿಡಿದಿದೆ. ಇನ್ನೊಂದು ಗುಂಡನ್ನು ಹತ್ತಿರ ತಂದೆ, ಟಕ್ ಅಂತ ಅಂಟಿಕೊಂಡಿತು. ಸ್ವಿಚ್ ಆರಿಸಿದ ಮೇಲೂ ಕಾಯಿಲ್‌ನ ಕಬ್ಬಿಣ, ಗುಂಡು ಎರಡೂ ಒಂದನ್ನೊಂದು ಹಿಡಿದುಕೊಂಡು ಕೂರುತ್ತಿದ್ದವು. ಒಂದು ಸ್ವಲ್ಪ, ಇನ್ನೊಂದು ಜಾಸ್ತಿ.

ಹೊಸ ಗುಂಡು ತೆಗೆದುಕೊಂಡೆ. ಗುಂಡು, ಕಬ್ಬಿಣ ನೇರ ಮುಟ್ಟದಿರಲಿ ಅಂತ ಮ್ಯಾಗ್ನೆಟ್ಟಿನ ಮುಖಕ್ಕೆ ಎರಡು ಪದರ ಟೇಪ್ ಅಂಟಿಸಿದೆ. ಗುಂಡು ಬೀಳದಷ್ಟು ಮಾತ್ರ ಕರೆಂಟ್ ಕೊಟ್ಟೆ. ಎರಡೂ ಒಂದೇ ಫ್ರೇಮಿನಲ್ಲಿ ಮರಳು ಮುಟ್ಟಿದವು. ವಿಡಿಯೊದಲ್ಲಿ ಎರಡು ಹೂವು ಅರಳಿದ ಹಾಗೆ ಮರಳು ಏಳುತ್ತದೆ. ನಡುವೆ ಸೇರಿದ ಕಡೆ ಒಂದು ತೆಳು ಗೋಡೆ ನಿಂತು, ಹಾಗೇ ಕೆಳಗೆ ಕುಸಿಯುತ್ತದೆ.

ಇದು ನೆಟ್ಟಗೆ ಬಿದ್ದ ಗುಂಡುಗಳ ಬದು, ಅದಕ್ಕೇ ಗೆರೆ ನೇರ. ನಿಜವಾದ ಸಿಡಿಗಲ್ಲು ಓರೆಯಾಗಿ ಬರುತ್ತದೆ. ಆಗ ಬದು 'ವಿ' ಆಕಾರಕ್ಕೆ ತಿರುಗುತ್ತದೆ, ಅದರ ಚೂಪು ತುದಿ ತಾಯಿ ಕುಳಿಯ ಕಡೆ ಬೆರಳು ತೋರಿಸುತ್ತದೆ. ಸಾಲಾಗಿ ಬಿದ್ದರೆ ಮೀನಿನ ಮುಳ್ಳಿನ ಹಾಗೆ ಕಾಣುತ್ತದೆ. ಸಂಶೋಧಕರಾದ ಓಬರ್‌ಬೆಕ್ ಮತ್ತು ಮಾರಿಸನ್ 1973ರ ಹೊತ್ತಿಗೇ ಇದನ್ನು ಪ್ರಯೋಗದಲ್ಲಿ ಮಾಡಿ ತೋರಿಸಿದ್ದರು. ದೂರದರ್ಶಕ ಇದ್ದವರು ಅಷ್ಟಮಿ ಕಳೆದ ಒಂದೆರಡು ದಿನಕ್ಕೆ ಚಂದ್ರನ ಕೊಪರ್ನಿಕಸ್ ಮತ್ತು ಎರಟೋಸ್ತನೀಸ್ ಎಂಬ ಎರಡು ಕುಳಿಗಳ ನಡುವೆ ನೋಡಿ. ಸಣ್ಣ ಸಣ್ಣ ಗುಂಡಿಗಳ ಸರಮಾಲೆ ಇದೆ, ಕೊಪರ್ನಿಕಸ್ ಎಸೆದದ್ದು. ಅದರ ಚಿತ್ರ ಬಿಡಿಸುವ ಕೆಲಸ ಬೇರೆಯೇ ಇದೆ, ಪುಸ್ತಕ ತೆಗೆದಿಟ್ಟಿದ್ದೇನೆ.

ಓರೆ ಏಟು ಕೊಡಲು ಒಂದು ಯೋಚನೆ ಬಂದಿದೆ. ಗುಂಡನ್ನು ಓರೆ ಎಸೆಯುವ ಬದಲು ಟ್ರೇಯನ್ನೇ ಓಡಿಸಿದರೆ? ಅರ್ಧ ಮೀಟರ್‌ನಿಂದ ಬಿದ್ದ ಗುಂಡಿನ ವೇಗ ಸೆಕೆಂಡಿಗೆ ಸುಮಾರು 3.1 ಮೀಟರ್. ಟ್ರೇ ಕೂಡ ಅಷ್ಟೇ ವೇಗದಲ್ಲಿ ಓಡಿದರೆ ಮರಳಿನ ಪಾಲಿಗೆ ಅದು 45 ಡಿಗ್ರಿ ಏಟು. ಟ್ರೇ ಹೊರಡುವಾಗ, ನಿಲ್ಲುವಾಗ ಮರಳು ಕದಲಬಾರದು, ಅದೇ ಕಷ್ಟ. ಹಳಿ, ಚಕ್ರ ಸಿಕ್ಕಿವೆ. ಬ್ರೇಕಿಗೆ ಸ್ಪಂಜು ಸಾಕೋ, ರಬ್ಬರ್ ಬೇಕೋ, ಮಾಡಿ ನೋಡಿದವರು ಹೇಳಿ.

ನಿನ್ನೆಯ ಟ್ರೇಯನ್ನು ಇನ್ನೂ ಜರಡಿಗೆ ಸುರಿದಿಲ್ಲ. ಎಡಗಡೆಯ ಬೆಳಕಿನಲ್ಲಿ ಫೋಟೊ ಆಗಿದೆ, ಬಲಗಡೆಯದು ಬಾಕಿ.