ಗಂಡನಿಗೆ ಹಳೇ ಒಮೆಗಾ ಎಲ್ಲಿ ತಗೊಂಡ್ರಿ?

ನನ್ನ ಗಂಡನ ಕೈಯಲ್ಲಿರುವ ವಾಚ್ ನೋಡಿದವರು ಅವರನ್ನು ಬಿಟ್ಟು ನನ್ನನ್ನು ಕೇಳುತ್ತಾರೆ. ಎಲ್ಲಿ ತಗೊಂಡ್ರಿ? ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳುತ್ತಾರೆ. ಆಫೀಸಿನ ಗೆಳತಿಯರು ತಮ್ಮ ಮನೆಯವರ ಐವತ್ತನೇ ಹುಟ್ಟುಹಬ್ಬ ಹತ್ತಿರ ಬಂದಾಗ ಫೋನ್ ಮಾಡಿ ಕೇಳುತ್ತಾರೆ. ಈಗೀಗ ಹೆಂಡತಿಗೆ ಕೊಡಿಸಬೇಕು ಅಂತ ಗಂಡಸರೂ ಕೇಳುತ್ತಿದ್ದಾರೆ.

ಅದು ನಮ್ಮ ಮದುವೆಗೆ 25 ವರ್ಷ ತುಂಬಿದಾಗ ನಾನು ಕೊಟ್ಟ ವಾಚ್, ಸ್ವಿಸ್ ಕಂಪನಿ ಒಮೆಗಾದ ಸೀಮಾಸ್ಟರ್. 1960ರ ದಶಕದ್ದು. ಸ್ಟೀಲ್ ಕೇಸ್, ಬಿಳಿ ಡಯಲ್, ದಿನಾ ಕೀ ಕೊಡಬೇಕು. ಬೆಲೆ ಹೆಚ್ಚುಕಡಿಮೆ ಒಂದು ಹೊಸ ಸ್ಕೂಟರ್‌ನಷ್ಟಾಯಿತು. ನಮ್ಮಂಥ ಮನೆಗೆ ಅದು ದೊಡ್ಡ ದುಡ್ಡು.

ಎಲ್ಲಿ ತಗೊಂಡೆ ಅನ್ನುವುದರಿಂದ ನಿಮಗೆ ಏನೂ ಪ್ರಯೋಜನ ಇಲ್ಲ. ಅಲ್ಲಿದ್ದ ಆ ಒಂದು ವಾಚ್ ಈಗ ನಮ್ಮ ಮನೆಯಲ್ಲಿದೆ. ಹಳೇ ವಾಚ್‌ನಲ್ಲಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಮೊದಲು ರಿಪೇರಿ ಮಾಡುವವರನ್ನು ಹುಡುಕಿ, ವಾಚ್ ಆಮೇಲೆ. ಇದು ನಾನು ದುಡ್ಡು ಕಳೆದುಕೊಂಡು ಕಲಿತದ್ದು.

ಮೊದಲ ಸಲ ನಾನು ಫೋಟೋ ನೋಡಿಯೇ ಕೊಂಡಿದ್ದೆ. ಅದೂ ಒಮೆಗಾ ಅಂತಲೇ ಇತ್ತು. ಕಡು ನೀಲಿ ಡಯಲ್, ಒಂದು ಕಲೆ ಇಲ್ಲ, ಚಿನ್ನದ ಬಣ್ಣದ ಮುಳ್ಳುಗಳು, ನೋಡಿದರೆ ನಿನ್ನೆ ಪೆಟ್ಟಿಗೆಯಿಂದ ತೆಗೆದ ಹಾಗೆ. ಮನೆಗೆ ಬಂದ ಮೂರನೇ ದಿನಕ್ಕೆ ಅರ್ಧ ಗಂಟೆ ಹಿಂದೆ ಓಡತೊಡಗಿತು. ಗಾಂಧಿ ಬಜಾರಿನ ಹತ್ತಿರ ಹಿರಿಯರೊಬ್ಬರು ವಾಚ್ ರಿಪೇರಿ ಮಾಡುತ್ತಾರೆ, ನಮ್ಮ ಮಾವನವರ ಕಾಲದಿಂದ ಪರಿಚಯ. ಅವರ ಹತ್ತಿರ ತಗೊಂಡು ಹೋದೆ. ಅವರು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಎರಡು ನಿಮಿಷ ನೋಡಿದರು. ಏನೂ ಹೇಳಲಿಲ್ಲ. ಲೆನ್ಸ್ ತೆಗೆದು ನನ್ನ ಕೈಗೆ ಕೊಟ್ಟು, ನೀವೇ ನೋಡಿ ಅಂದರು.

ನೋಡಿದೆ. ಬರಿ ಕಣ್ಣಿಗೆ ಅಷ್ಟು ಚಂದ ಕಂಡ ಅಕ್ಷರಗಳು ಒಂದು ದಪ್ಪ, ಒಂದು ತೆಳು. ನಿಮಿಷದ ಗೆರೆಗಳು ಕೆಲವು ಕಡೆ ಗಂಟೆಯ ಗುರುತಿನ ಮೇಲೇ ಹತ್ತಿದ್ದವು. ಆರರ ಕೆಳಗೆ, ಡಯಲ್‌ನ ಅಂಚಿನಲ್ಲಿ ಇರಬೇಕಾದ ಸ್ವಿಸ್ ಮೇಡ್ ಅನ್ನುವ ಸಣ್ಣ ಬರಹವೇ ಇಲ್ಲ. ಹಿಂದಿನ ಮುಚ್ಚಳ ಬಿಚ್ಚಿದರೆ ಇನ್ನೂ ಬೇಜಾರು. ಒಳಗಿನ ಯಂತ್ರ ಆ ಕೇಸಿನದ್ದಲ್ಲ. ಅಲ್ಲಾಡಬಾರದು ಅಂತ ಸುತ್ತ ಪ್ಲಾಸ್ಟಿಕ್ ಚೂರು ಸಿಕ್ಕಿಸಿದ್ದರು. ಹಳೇ ಡಯಲ್‌ಗೆ ಹೊಸದಾಗಿ ಪೇಂಟ್ ಹೊಡೆದು, ಮೂರು ವಾಚ್‌ನ ಭಾಗ ಸೇರಿಸಿ ಒಂದು ಮಾಡಿ ಮಾರುತ್ತಾರೆ, ವಾಚ್ ಹುಚ್ಚಿನವರು ಇದನ್ನು ಮುಂಬೈ ಸ್ಪೆಷಲ್ ಅನ್ನುತ್ತಾರೆ. ಮಾರಿದವನು ಆಮೇಲೆ ಫೋನ್ ಎತ್ತಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೋದ ದುಡ್ಡಿಗಿಂತ, ಇದನ್ನು ಗಂಡನ ಕೈಗೆ ಕಟ್ಟಿಬಿಡುತ್ತಿದ್ದೆನಲ್ಲ ಅನ್ನುವ ಸಂಕಟ ಜಾಸ್ತಿ ಇತ್ತು.

ಎರಡನೇ ಸಲ ನಾನು ಒಬ್ಬಳೇ ಹೋಗಲಿಲ್ಲ. ಮಾರುವವರಿಗೆ ಮೊದಲೇ ಹೇಳಿದೆ: ನನ್ನ ರಿಪೇರಿಯವರ ಮುಂದೆ ಮುಚ್ಚಳ ಬಿಚ್ಚಲು ಒಪ್ಪುವುದಾದರೆ ಮಾತ್ರ ಬರುತ್ತೇನೆ. ಇಬ್ಬರು ಆಗಲ್ಲ ಅಂದರು. ಮೂರನೆಯವರು ಬನ್ನಿ ಅಂದರು. ಈ ಒಂದು ಮಾತಿನಿಂದಲೇ ಅರ್ಧ ಆಯ್ಕೆ ಆಗಿಹೋಗುತ್ತದೆ.

ಅವತ್ತು ನಮ್ಮ ರಿಪೇರಿಯವರು ಏನೇನು ನೋಡಿದರು ಅಂತ ಹೇಳುತ್ತೇನೆ, ನಿಮಗೂ ಬೇಕಾಗುತ್ತದೆ. ಮೊದಲು ಗಾಜು. ಆ ಕಾಲದ ಗಾಜು ನಿಜವಾಗಿ ಪ್ಲಾಸ್ಟಿಕ್. ಒಮೆಗಾದ ಸ್ವಂತ ಗಾಜಾದರೆ ಸರಿಯಾಗಿ ನಡುವೆ, ಸಾಸಿವೆಗಿಂತ ಚಿಕ್ಕದಾಗಿ, ಅವರ ಗುರುತು ಕೊರೆದಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ಲೆನ್ಸ್‌ನಲ್ಲಿ ಹುಡುಕಬೇಕು. ಅದು ಇಲ್ಲದಿದ್ದರೆ ಗಾಜು ಬದಲಾಗಿದೆ ಅಂತ ಅಷ್ಟೇ, ವಾಚ್ ಖೋಟಾ ಅಂತ ಅಲ್ಲ. ನಮ್ಮದರಲ್ಲಿ ಇತ್ತು. ಅದನ್ನು ಕಂಡಾಗ ನನಗಾದ ಖುಷಿ ಹೇಳಲಾರೆ.

ಆಮೇಲೆ ಕೇಸು. ಬೆಲ್ಟ್ ಸಿಕ್ಕಿಸುವ ನಾಲ್ಕು ಕಾಲುಗಳ ಅಂಚು ಚೂಪಾಗಿರಬೇಕು. ಹೊಳೆಯಲಿ ಅಂತ ಪದೇ ಪದೇ ಉಜ್ಜಿಸಿದ್ದರೆ ಆ ಅಂಚು ಸೋಪಿನ ಬಿಲ್ಲೆಯ ಹಾಗೆ ದುಂಡಗಾಗಿರುತ್ತದೆ. ಬಹಳಷ್ಟು ಸೀಮಾಸ್ಟರ್‌ಗಳ ಬೆನ್ನಿನ ಮೇಲೆ ಕಡಲ ಕುದುರೆಯ ಚಿತ್ರ ಉಬ್ಬಿರುತ್ತದೆ. ಅದು ಸವೆದು ಮಾಸಿದ್ದರೆ ಆ ಕೇಸು ಎಷ್ಟು ಉಜ್ಜಿಸಿಕೊಂಡಿದೆ ಅಂತ ಗೊತ್ತಾಗುತ್ತದೆ. ನಮ್ಮದರ ಮೇಲೆ ಗೀರುಗಳಿವೆ. ಪಾಲಿಶ್ ಮಾಡಿಸಲಾ ಅಂತ ಕೇಳಿದ್ದಕ್ಕೆ ಅವರು, ಬೇಡಮ್ಮ, ತೆಗೆದ ಲೋಹ ವಾಪಸ್ ಬರಲ್ಲ ಅಂದರು.

ಡಯಲ್ ವಿಚಾರದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಅರವತ್ತು ವರ್ಷದ ಡಯಲ್ ಸ್ವಲ್ಪ ಕೆನೆ ಬಣ್ಣಕ್ಕೆ ತಿರುಗಿದ್ದರೆ ಅದನ್ನೇ ತಗೊಳ್ಳಿ. ಥಳಥಳ ಹೊಳೆಯುವುದನ್ನು ಬಿಡಿ. ಕೆಲವು ಡಯಲ್‌ಗಳಲ್ಲಿ ಸ್ವಿಸ್ ಮೇಡ್ ಅಕ್ಕಪಕ್ಕ ಟಿ ಅಂತ ಎರಡು ಅಕ್ಷರ ಇರುತ್ತವೆ. ಕತ್ತಲಲ್ಲಿ ಹೊಳೆಯಲು ಟ್ರಿಟಿಯಂ ಅನ್ನುವ ವಿಕಿರಣ ವಸ್ತು ಬಳಸಿದ್ದಾರೆ ಅಂತ ಅರ್ಥ. ಟ್ರಿಟಿಯಂನ ಶಕ್ತಿ ಸುಮಾರು 12 ವರ್ಷಕ್ಕೆ ಅರ್ಧ ಆಗುತ್ತದೆ, ಮತ್ತೆ 12 ವರ್ಷಕ್ಕೆ ಅದರಲ್ಲೂ ಅರ್ಧ. ಹಾಗಾಗಿ 1960ರ ದಶಕದ ವಾಚ್ ಇವತ್ತು ಕತ್ತಲಲ್ಲಿ ಜೋರಾಗಿ ಹೊಳೆದರೆ ಯಾರೋ ಹೊಸ ಬಣ್ಣ ಹಚ್ಚಿದ್ದಾರೆ ಅಂತಲೇ. ಅದಕ್ಕಿಂತ ಹಳೆಯದರಲ್ಲಿ ರೇಡಿಯಂ ಇರಬಹುದು, ಅದರ ವಿಕಿರಣ ಮೈಗೆ ಅಪಾಯ. ಅದರ ಹೊಳಪು ಹೋಗಿದ್ದರೂ ರೇಡಿಯಂ ಹೋಗಿರುವುದಿಲ್ಲ, ಮನೆಯಲ್ಲಿ ಬಿಚ್ಚಿ ಕೆರೆಯುವ ಕೆಲಸ ಮಾತ್ರ ಮಾಡಬೇಡಿ.

ಕೊನೆಗೆ ವಾಚನ್ನು ಒಂದು ಪುಟ್ಟ ಮಶೀನಿನ ಮೇಲೆ ಇಟ್ಟರು. ಅದು ಟಿಕ್ ಟಿಕ್ ಸದ್ದು ಕೇಳಿಸಿಕೊಂಡು ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ, ಎಷ್ಟು ಹಿಂದೆ ಅಂತ ತೋರಿಸುತ್ತದೆ. ಹಿಂದೆ ಓಡುತ್ತಿತ್ತು, ಆದರೆ ಮಶೀನಿನ ಪರದೆಯ ಮೇಲಿನ ಗೆರೆ ನೇರವಾಗಿತ್ತು, ಅಂದರೆ ಓಟ ಒಂದೇ ಸಮ ಇತ್ತು. ಎಣ್ಣೆ ಒಣಗಿದೆ, ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿದರೆ ಸರಿಯಾಗುತ್ತದೆ ಅಂದರು. ಆ ಖರ್ಚನ್ನು ವಾಚ್‌ನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ನಾಲ್ಕೈದು ವರ್ಷಕ್ಕೊಮ್ಮೆ ಅದು ಇದ್ದೇ ಇದೆ. ಅದಕ್ಕೇ ರಿಪೇರಿಯವರು ಮೊದಲು ಅಂದಿದ್ದು. ನಮ್ಮ ಬೆಂಗಳೂರಿನಲ್ಲಿ ಇಂಥ ಕೈಗಳು ಇನ್ನೂ ಇವೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ ಇಲ್ಲೇ ವಾಚ್ ಮಾಡಲು ಶುರು ಮಾಡಿತು, ಎಷ್ಟೋ ಮನೆಗಳಲ್ಲಿ ಕೀ ಕೊಡುವ ವಾಚ್ ಇದ್ದವು, ಅದನ್ನು ಬಿಚ್ಚಿ ಜೋಡಿಸಬಲ್ಲವರೂ ಬೀದಿ ಬೀದಿಯಲ್ಲಿ ಇದ್ದರು. ಈಗ ಕಡಿಮೆಯಾಗಿದ್ದಾರೆ. ಬ್ಯಾಟರಿ ಬದಲಾಯಿಸುವವರು ಬೇರೆ, ಒಳಗೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ಕೈಗೆತ್ತಿಕೊಳ್ಳುವವರು ಬೇರೆ. ಅವೆನ್ಯೂ ರೋಡ್, ಚಿಕ್ಕಪೇಟೆ, ಮಲ್ಲೇಶ್ವರ, ಎಲ್ಲೇ ಆಗಲಿ, ಮೊದಲು ನಿಮ್ಮ ಅಪ್ಪನದೋ ಅಜ್ಜನದೋ ಒಂದು ಹಳೇ ಎಚ್‌ಎಂಟಿ ಕೊಟ್ಟು ಸರ್ವೀಸ್ ಮಾಡಿಸಿ ನೋಡಿ. ಅವರು ಅದನ್ನು ಹೇಗೆ ಹಿಡಿಯುತ್ತಾರೆ ಅನ್ನುವುದರಲ್ಲೇ ತಿಳಿಯುತ್ತದೆ.

ಹೆಂಡತಿಗೆ ಕೊಡಿಸುವವರಿಗೆ ಒಂದು ಮಾತು. ಆ ಕಾಲದ ಹೆಂಗಸರ ವಾಚ್‌ಗಳು ತುಂಬಾ ಪುಟ್ಟವು, ಕೆಲವು ಉಗುರಿನಷ್ಟೇ. ನೋಡಲು ಆಭರಣದ ಹಾಗೆ ಚಂದ, ಆದರೆ ಒಳಗಿನ ಭಾಗಗಳೂ ಅಷ್ಟೇ ಪುಟ್ಟವು, ರಿಪೇರಿಗೆ ಬಹಳ ಜನ ಒಪ್ಪುವುದಿಲ್ಲ, ಓದಲು ಕನ್ನಡಕ ಬೇಕು. ಆಗ ಗಂಡಸರದ್ದು ಅಂತ ಮಾಡಿದ 34 ಮಿಲಿಮೀಟರ್ ಅಗಲದ ವಾಚ್ ಇವತ್ತು ಹೆಂಗಸರ ಕೈಗೆ ತುಂಬಾ ಚೆನ್ನಾಗಿ ಕೂರುತ್ತದೆ. ಅದನ್ನೇ ನೋಡಿ. ಬಳೆ ತಾಗಿ ಗಾಜಿಗೆ ಗೀರು ಬಿದ್ದರೆ ಹೆದರಬೇಡಿ, ಪ್ಲಾಸ್ಟಿಕ್ ಆದ್ದರಿಂದ ಪಾಲಿಶ್ ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುತ್ತದೆ.

ಇನ್ನೂ ಒಂದು ಪ್ರಶ್ನೆ ಬರುತ್ತದೆ. ಅಷ್ಟು ದುಡ್ಡಿಗೆ ಹೊಸದೇ ಬರುತ್ತದಲ್ಲ, ಹಳೆಯದು ಯಾಕೆ? ನನ್ನ ಗಂಡ ಮದುವೆಯಾದಾಗಿನಿಂದ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವರಪ್ಪನ ಎಚ್‌ಎಂಟಿ ಜನತಾಗೆ ಕೀ ಕೊಡುತ್ತಾರೆ. ಮಾವನವರು ಹೋದ ಮೇಲೂ ಒಂದು ದಿನ ತಪ್ಪಿಸಿಲ್ಲ. ಅದನ್ನು ಇಷ್ಟು ವರ್ಷ ನೋಡಿದ್ದರಿಂದಲೇ ಕೀ ಕೊಡುವ ವಾಚೇ ಬೇಕು ಅಂತ ನನಗೆ ಗೊತ್ತಿತ್ತು. ನಿಮ್ಮವರಿಗೆ ಆ ಅಭ್ಯಾಸ ಇಲ್ಲದಿದ್ದರೆ ಆಟೋಮ್ಯಾಟಿಕ್ ತಗೊಳ್ಳಿ, ಕೈ ಆಡಿದ ಹಾಗೆ ತಾನೇ ಕೀ ಸುತ್ತಿಕೊಳ್ಳುತ್ತದೆ. ಗಂಟೆಗೆ ಹತ್ತು ಸಲ ಕೈ ತೊಳೆಯುವವರಿಗೆ, ಗಡಿಬಿಡಿಯವರಿಗೆ, ದಯವಿಟ್ಟು ಹಳೇ ವಾಚ್ ಬೇಡ. ಸೀಮಾಸ್ಟರ್ ಅಂತ ಹೆಸರಿದ್ದರೂ ಅರವತ್ತು ವರ್ಷದ ಮೇಲೆ ಅದನ್ನು ನೀರಿಗೆ ನಂಬುವ ಹಾಗಿಲ್ಲ, ಒಂದು ಹನಿ ಒಳಗೆ ಹೋದರೆ ಡಯಲ್ ಹಾಳು.

ಈಗ ನಮ್ಮ ಮನೆಯಲ್ಲಿ ಬೆಳಿಗ್ಗೆ ಎರಡು ವಾಚ್‌ಗೆ ಕೀ ಕೊಡುವುದು ನಡೆಯುತ್ತದೆ, ಮೊದಲು ಜನತಾ, ಆಮೇಲೆ ಒಮೆಗಾ. ಕಿಟಕಿಯಿಂದ ಮೋಡ ಕಂಡರೆ ಒಮೆಗಾ ಬೀರುವಿಗೆ ಹೋಗುತ್ತದೆ. ಅವತ್ತು ಸ್ಕೂಟರ್ ಹತ್ತುವಾಗ ಅವರ ಕೈಯಲ್ಲಿ ಜನತಾ ಇರುತ್ತದೆ.