ಸಲಾಲಾ ಗುಡ್ಡಕ್ಕೂ ನಮ್ಮದೇ ಮುಂಗಾರು

ಒಮಾನ್ ಅಂದರೆ ಬರೀ ಮರಳು ಅಂದುಕೊಂಡವರು ಒಮ್ಮೆ ಅದರ ದಕ್ಷಿಣದ ಕಡಲತಡಿಯ ಊರು ಸಲಾಲಾ ನೋಡಬೇಕು. ಜುಲೈನಲ್ಲಿ ಮಸ್ಕತ್ 40 ಡಿಗ್ರಿ ದಾಟಿ ಬೇಯುತ್ತಿದ್ದರೆ ಇಲ್ಲಿ 25ರ ಆಸುಪಾಸು. ಗುಡ್ಡಗಳು ಮಂಜಿನಲ್ಲಿ ಮುಳುಗಿ ಹಚ್ಚಗಿರುತ್ತವೆ. ನಮ್ಮ ಉಡುಪಿಗೆ ಮಳೆ ತರುವ ಅದೇ ನೈರುತ್ಯ ಮುಂಗಾರು ಇದು. ಇಲ್ಲಿಯವರು ಖರೀಫ್ ಅನ್ನುತ್ತಾರೆ.

ಆದರೆ ಧೋ ಎಂದು ಸುರಿಯುವುದಿಲ್ಲ. ಉಡುಪಿಯಲ್ಲಿ ವರ್ಷಕ್ಕೆ 4000 ಮಿ.ಮೀ. ಸುತ್ತಮುತ್ತ ಮಳೆಯಾದರೆ ಸಲಾಲಾ ಬಯಲಿನಲ್ಲಿ 100ರ ಆಸುಪಾಸು ಅಷ್ಟೇ. ಮುಂಗಾರು ಗಾಳಿ ದಡದುದ್ದಕ್ಕೂ ಬೀಸುವಾಗ ಮೇಲಿನ ಬೆಚ್ಚಗಿನ ನೀರು ದೂರ ಸರಿದು, ಕಡಲಾಳದ ತಣ್ಣೀರು ಮೇಲೆ ಬರುತ್ತದೆ. ಅದರ ಮೇಲೆ ಹಾದ ಗಾಳಿ ತಣಿದು ಮಂಜಾಗುತ್ತದೆ. ಇನ್ನೂ ಮೇಲೆ ಮರುಭೂಮಿಯ ಬಿಸಿಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ. ಮೋಡ ಬೆಳೆಯುವುದೆಲ್ಲಿ? ಮೂರು ತಿಂಗಳೂ ಜಿಟಿಜಿಟಿ.

ಈ ಮಂಜಿನಿಂದ ನೀರು ಇಳಿಸುವುದು ಮರಗಳು. ಗುಡ್ಡದ ಮೇಲೆ ಮರವಿಲ್ಲದ ಕಡೆ ನಿಂತರೆ ಅಂಗಿ ಸುಮ್ನೆ ತೇವ ಆಗುತ್ತದೆ. ಮರದಡಿ ನಿಂತರೆ ತಲೆ ಪೂರ್ತಿ ಒದ್ದೆ. ಎಲೆಗೆ ತಾಗಿದ ಮಂಜು ಹನಿಹನಿಯಾಗಿ ತೊಟ್ಟಿಕ್ಕಿ ನೆಲ ಸೇರುತ್ತದೆ. ಗುಡ್ಡದ ಬುಡದ ಬುಗ್ಗೆಗಳು, ಬಯಲಿನ ತೆಂಗು, ಬಾಳೆ, ಪಪ್ಪಾಯಿ ತೋಟಗಳು ಹೆಚ್ಚಾಗಿ ಆ ನೀರನ್ನೇ ನಂಬಿವೆ. ಗುಡ್ಡ ದಾಟಿದರೆ ಮಂಜು ಮುಗಿಯಿತು. ಆ ಒಣ ನೆಲದ್ದು ಧೂಪದ ಮರ.

ಗುಡ್ಡದ ಜಬಾಲಿ ಜನ ದನ, ಒಂಟೆ, ಆಡು ಸಾಕುತ್ತಾರೆ. ಖರೀಫ್ ಶುರುವಾದರೆ ನೆಲ ಜಾರುತ್ತದೆ, ನೊಣ ಕಚ್ಚುತ್ತದೆ. ಆಗ ಒಂಟೆಗಳನ್ನು ಬಯಲಿಗೆ ಇಳಿಸುತ್ತಾರೆ. ಸೆಪ್ಟೆಂಬರ್ ಕೊನೆಗೆ ಮಂಜು ಹರಿದ ಮೇಲೆ ಮತ್ತೆ ಗುಡ್ಡದ ಹುಲ್ಲಿಗೆ. ಹುಲ್ಲು ಒಣಗಿದ ತಿಂಗಳುಗಳಲ್ಲಿ ಏನು ಹಾಕುತ್ತಾರೆ ಗೊತ್ತಾ? ಒಣಗಿಸಿದ ಬೂತಾಯಿ ಮೀನು! ಆಳದ ತಣ್ಣೀರು ಮೀನಿನ ಆಹಾರ ಬೆಳೆಸುವ ಸತ್ವವನ್ನೂ ಮೇಲೆ ತರುವುದರಿಂದ ಈ ಕಡಲಲ್ಲಿ ಬೂತಾಯಿ ಜಾಸ್ತಿ. ದಡದ ಮರಳಿನ ಮೇಲೆ ಹರವಿ ಒಣಗಿಸುತ್ತಾರೆ. ನಮ್ಮೂರಲ್ಲಿ ತೆಂಗಿನ ಬುಡಕ್ಕೆ ಗೊಬ್ಬರವಾಗುವ ಮೀನನ್ನು ಇಲ್ಲಿ ಒಂಟೆ ಮೆಲ್ಲುತ್ತದೆ.

ನನಗೆ ಕಳವಳ ಇರುವುದು ಮರಗಳ ಬಗ್ಗೆ. 1970ರ ದಶಕದಿಂದೀಚೆಗೆ ಜಾನುವಾರು ವಿಪರೀತ ಹೆಚ್ಚಿವೆ. ಎಳೆ ಸಸಿ ತಲೆ ಎತ್ತುವ ಮೊದಲೇ ಮೇಯ್ದು ಖಾಲಿ. ಬೋಳು ಇಳಿಜಾರಿನ ಮೇಲೆ ಅದೇ ಮಂಜು ಸುಮ್ನೆ ಹಾದುಹೋಗುತ್ತದೆ. ಒಂಟೆಯನ್ನೇ ಮನೆತನದ ಮರ್ಯಾದೆ ಅಂತ ನೋಡುವವರಿಗೆ ಒಂಟೆ ಕಡಿಮೆ ಮಾಡಿ ಅನ್ನುವುದು ಸುಲಭವಲ್ಲ, ಅಲ್ವಾ? ಸದ್ಯಕ್ಕೆ ಸಸಿಗಳಿಗೆ ಬೇಲಿಯಾದರೂ ಬೇಕು. ಬೇಲಿ ಇರುವ ಕಡೆ ಒಳಗೆ ಗಿಡ ಎದ್ದಿರುತ್ತದೆ, ಹೊರಗೆ ಬರೀ ಕಲ್ಲು.