ಇವಳನ್ನೇ ಹಿಡಿಯೋಕಾಗಲ್ಲ, ಇನ್ನೊಂದನ್ನ ಹೇಗೆ ಸಂಭಾಳಿಸ್ತೀಯ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ತರಕಾರಿ ಅಂಗಡಿಯಲ್ಲಿ ಕೇಳುತ್ತಾರೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳುತ್ತಾರೆ. ಆಫೀಸಿನ ಲಿಫ್ಟಿನಲ್ಲಿ, ಎರಡನೇ ಮಹಡಿ ಬರೋದರೊಳಗೆ ಕೇಳಿ ಮುಗಿಸುತ್ತಾರೆ. ಮೊದಲು ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ನನ್ನ ಮಗಳನ್ನು ನೋಡುತ್ತಾರೆ. "ಮಾತೇ ಕೇಳಲ್ಲ ಅಲ್ವಾ ಇವಳು?" ಎನ್ನುತ್ತಾರೆ. ಹಿಂದೆಯೇ ಈ ಪ್ರಶ್ನೆ ಬರುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮಗಳಿಗೆ ಎರಡು ವರ್ಷ ಎಂಟು ತಿಂಗಳು. ನನಗೆ ಈಗ 30 ವಾರದ ಬಸಿರು. ನಾವಿರುವುದು ಮೈಸೂರಿನಲ್ಲಿ. ಗಂಡನ ಕೆಲಸ ಬೆಂಗಳೂರಿನಲ್ಲಿ, ವಾರದಲ್ಲಿ ಮೂರು ದಿನ ಬೆಳಗಿನ ರೈಲಿಗೆ ಹೋಗಿ ರಾತ್ರಿ ಬರುತ್ತಾರೆ. ಆ ಮೂರು ದಿನ ನಾನು, ಅವಳು, ಹೊಟ್ಟೆಯೊಳಗಿನದು, ಇಷ್ಟೇ ಜನ.

ಹೌದು, ಅವಳಿಗೆ ಹಟ ಜಾಸ್ತಿ. ಒಪ್ಪಿಕೊಳ್ಳುತ್ತೇನೆ. ಅವಳು ದಿನಕ್ಕೆ ನೂರು ಸಲ ಹೇಳುವ ಮಾತು "ನಾನೇ." ಚಪ್ಪಲಿ ನಾನೇ ಹಾಕ್ಕೊತೀನಿ. ಮೊಸರು ನಾನೇ ಬಡಿಸ್ಕೊತೀನಿ. ಬೀಗ ನಾನೇ ತೆಗೀತೀನಿ. ಚಪ್ಪಲಿ ಹಾಕಿಕೊಳ್ಳೋದನ್ನ ನೀವು ನೋಡಬೇಕು. ಹೊಸಿಲ ಮೇಲೆ ಕೂರುತ್ತಾಳೆ. ನಾಲಿಗೆ ತುದಿ ಹೊರಗೆ ಬಂದಿರುತ್ತದೆ. ಎಡದ್ದನ್ನು ಬಲಗಾಲಿಗೆ ಹಾಕಿ ಪಟ್ಟಿ ಎಳೆದು ಅಂಟಿಸುತ್ತಾಳೆ. "ಪುಟ್ಟಿ, ಅದು ಆ ಕಾಲಿಂದು" ಅಂದರೆ ಎರಡನ್ನೂ ಬಿಚ್ಚಿ, ಪಕ್ಕದಲ್ಲಿಟ್ಟು, ಸ್ವಲ್ಪ ಹೊತ್ತು ಯೋಚನೆ ಮಾಡಿ, ಮತ್ತೆ ಎಡದ್ದನ್ನೇ ಬಲಗಾಲಿಗೆ ಹಾಕುತ್ತಾಳೆ. ಹತ್ತು ನಿಮಿಷ ಬೇಕು. ನಾನು ಕಾಯುತ್ತೇನೆ. ಗೇಟಿನ ಹತ್ತಿರ ನಿಂತವರಿಗೆ ಕಾಯೋಕೆ ಆಗಲ್ಲ. "ಸುಮ್ನೆ ಹಾಕಿ ಎತ್ಕೊಂಡು ಬಾಮ್ಮ" ಎನ್ನುತ್ತಾರೆ.

ಇಂಥವರೇ ಗಾದೆ ಹೇಳುವವರು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ನನಗೆ ಗಾದೆಗಳೆಂದರೆ ಇಷ್ಟ. ಈ ಒಂದು ಗಾದೆ ಮಾತ್ರ ಈಗೀಗ ಕೇಳಿದರೆ ಮೈ ಉರಿಯುತ್ತದೆ. ನನ್ನ ತವರು ತಿಪಟೂರಿನ ಕಡೆ. ತೋಟದ ನಡುವೆ ಬೆಳೆದವಳು ನಾನು. ತೆಂಗಿನ ಸಸಿ ನೆಟ್ಟವರು ಯಾರೂ ಅದನ್ನ ಬಗ್ಗಿಸೋಕೆ ಹೋಗಿದ್ದು ನಾನು ನೋಡಿಲ್ಲ. ನೀರು ಹಾಕುತ್ತಾರೆ. ದನ ಬಾಯಿ ಹಾಕದ ಹಾಗೆ ಸುತ್ತ ಮುಳ್ಳು ಇಡುತ್ತಾರೆ. ನೆಟ್ಟಗೆ ಬೆಳೆಯಲಿ ಅಂತ ಕಾಯುತ್ತಾರೆ. ನಮ್ಮನೆಯಲ್ಲೂ ಬೇಲಿ ಇದೆ. ರಸ್ತೆ ದಾಟುವಾಗ ನಾನು ಅವಳ ಕೈ ಬಿಡಲ್ಲ, ಎಷ್ಟು ಕಿರುಚಿದರೂ ಬಿಡಲ್ಲ. ಯಾರಿಗಾದರೂ ಹೊಡೆದರೆ ಆ ಕೈ ಹಿಡಿದು ನಿಲ್ಲಿಸುತ್ತೇನೆ. ಚಪ್ಪಲಿ ವಿಷಯದಲ್ಲಿ ಮಾತ್ರ ಬೇಲಿ ಯಾಕೆ ಬೇಕು ಅಂತ ನನಗೆ ಇನ್ನೂ ಯಾರೂ ವಿವರಿಸಿಲ್ಲ.

ಮಕ್ಕಳ ಡಾಕ್ಟರ್ ಒಂದು ಸಲ ಸರಳವಾಗಿ ಹೇಳಿದ್ದರು. ಸಿಟ್ಟು ಬಂದಾಗ ತಡೆದುಕೊಳ್ಳೋದು, ಬೇಕಾದದ್ದಕ್ಕೆ ಕಾಯೋದು, ಇದನ್ನೆಲ್ಲ ನೋಡಿಕೊಳ್ಳುವುದು ಹಣೆಯ ಹಿಂದಿರುವ ಮಿದುಳಿನ ಭಾಗ. ಅದು ಪೂರ್ತಿ ಬಲಿಯೋಕೆ ಇಪ್ಪತ್ತೈದು ವರ್ಷದ ಹತ್ತಿರ ಹೋಗಬೇಕು. ಎರಡೂವರೆ ವರ್ಷಕ್ಕೆ ಆಸೆ ಪೂರ್ತಿ ಬಂದಿರುತ್ತದೆ, ಬ್ರೇಕ್ ಇನ್ನೂ ಬಂದಿರಲ್ಲ. ಒಂದೂವರೆ ವರ್ಷದಿಂದ ಮೂರು ಮೂರೂವರೆ ವರ್ಷದವರೆಗೆ ಮಕ್ಕಳು ರಚ್ಚೆ ಹಿಡಿಯುವುದು ಬೆಳವಣಿಗೆಯ ಒಂದು ಭಾಗ. ಇದನ್ನು ಕೇಳಿದ ದಿನ ನನ್ನ ಎದೆ ಹಗುರಾಯಿತು. ಅವಳು ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿಲ್ಲ. ಅವಳಿಗೇ ಕಷ್ಟವಾಗುತ್ತಿದೆ.

ಈಗ ಆಸ್ಪತ್ರೆಯ ವಿಷಯ ಹೇಳುತ್ತೇನೆ. ಇಷ್ಟು ಬರೆಯೋಕೆ ಕೂತಿದ್ದೇ ಅದಕ್ಕೆ.

26ನೇ ವಾರದಲ್ಲಿ ಸಕ್ಕರೆ ಪರೀಕ್ಷೆ ಇತ್ತು. ಬಸುರಿಯರಿಗೆಲ್ಲ ಗೊತ್ತಿರುವಂಥದ್ದೇ. 75 ಗ್ರಾಂ ಗ್ಲೂಕೋಸ್ ಪುಡಿಯನ್ನು ಸುಮಾರು 300 ಮಿಲಿ ನೀರಿಗೆ ಹಾಕಿ ಐದು ಹತ್ತು ನಿಮಿಷದೊಳಗೆ ಕುಡಿಯಬೇಕು. ಎರಡು ಗಂಟೆ ಬಿಟ್ಟು ರಕ್ತ ಕೊಡಬೇಕು. 140ರ ಒಳಗೆ ಬಂದರೆ ಪರವಾಗಿಲ್ಲ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಬರಬೇಕು. ಅವತ್ತು ಗಂಡ ಬೆಂಗಳೂರಿಗೆ ಹೋಗಿದ್ದರು. ಪಕ್ಕದ ಮನೆಯವರು ಊರಲ್ಲಿರಲಿಲ್ಲ. ಮಗಳನ್ನ ಕರೆದುಕೊಂಡೇ ಹೋದೆ.

ನರ್ಸ್ ಸ್ಟೀಲ್ ಲೋಟ ತಂದುಕೊಟ್ಟರು. ಮಗಳು ನೋಡಿದಳು. "ನಂಗೆ" ಅಂದಳು. ಇದು ಅಮ್ಮನ ಔಷಧಿ ಪುಟ್ಟಿ ಅಂದೆ. ಕೆಳಗೆ ಸ್ವಲ್ಪ ಚೆಲ್ಲಿತ್ತು. ಅದನ್ನ ಬೆರಳಲ್ಲಿ ಒರೆಸಿ ಬಾಯಿಗಿಟ್ಟುಕೊಂಡಳು. ಸಿಹಿ! ಅಲ್ಲಿಗೆ ಮುಗಿಯಿತು. ಇಷ್ಟು ಸಿಹಿಯಾಗಿರುವುದು ಔಷಧಿ ಹೇಗಾಗುತ್ತದೆ? ಅವಳ ಲೆಕ್ಕದಲ್ಲಿ ನಾನು ಸುಳ್ಳು ಹೇಳಿದ್ದೆ. ನೆಲದ ಮೇಲೆ ಅಂಗಾತ ಮಲಗಿ ಚಂಡಿ ಹಿಡಿದಳು. ಗೋಡೆಗೆ ಒರಗಿಸಿದ್ದ ಕುರ್ಚಿಗಳ ಸಾಲಿನಲ್ಲಿದ್ದ ಹೆಂಗಸರೆಲ್ಲ ನೋಡುತ್ತಿದ್ದರು. ನನಗೆ ಬಗ್ಗೋಕೆ ಆಗುತ್ತಿಲ್ಲ. ಹೊಟ್ಟೆ ತೊಳೆಸುತ್ತಿದೆ. ಎದ್ದರೆ ಎಲ್ಲಿ ವಾಂತಿಯಾಗುತ್ತೋ ಅಂತ ಭಯ. ಕೂತಲ್ಲಿಂದಲೇ ಕಾಲು ಚಾಚಿ ಅವಳ ಪಕ್ಕಕ್ಕಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಅವಳು ನನ್ನ ಕಾಲ್ಬೆರಳು ಹಿಡಿದುಕೊಳ್ಳುತ್ತಾಳೆ. ಅದು ನಮ್ಮಿಬ್ಬರ ನಡುವಿನ ಅಭ್ಯಾಸ. ಹಿಡಿದುಕೊಂಡಳು ಅಂದರೆ ಮಳೆ ನಿಲ್ಲುತ್ತಾ ಬಂತು ಅಂತ.

ಪಕ್ಕದ ಕುರ್ಚಿಯ ಹೆಂಗಸು ಅಷ್ಟು ಹೊತ್ತು ಕಾಯಲಿಲ್ಲ. "ಇವಳನ್ನೇ ಹಿಡಿಯೋಕಾಗಲ್ಲ, ಇನ್ನೊಂದನ್ನ ಹೇಗೆ ಸಂಭಾಳಿಸ್ತೀಯಮ್ಮ?" ಅಂದರು. ಆಮೇಲೆ ಬಗ್ಗಿ ನನ್ನ ಮಗಳ ಮುಖ ನೋಡಿ ಹೇಳಿದರು. "ಹೀಗೆಲ್ಲ ಅತ್ತರೆ ಪಾಪು ಬಂದ ಮೇಲೆ ನಿಮ್ಮಮ್ಮ ನಿನ್ನ ಬಿಟ್ಟುಬಿಡ್ತಾಳೆ ನೋಡು. ಪಾಪುನ ಮಾತ್ರ ಇಟ್ಕೋತಾಳೆ."

ಅಳು ನಿಂತಿತು. ನಲ್ಲಿ ತಿರುಗಿಸಿದ ಹಾಗೆ ನಿಂತಿತು. "ನೋಡಿದ್ಯಾ, ಹೇಗೆ ಸುಮ್ಮನಾದಳು!" ಅಂತ ಆಕೆ ನಕ್ಕರು. ಸಾಲಿನಲ್ಲಿದ್ದ ಇನ್ನಿಬ್ಬರೂ ನಕ್ಕರು. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ನನಗೆ ಗೊತ್ತು. ಆಮೇಲೆ ಬ್ಯಾಗಿಂದ ಒಂದು ಬಿಸ್ಕತ್ತೂ ಕೊಟ್ಟರು. ಮಗಳು ತೆಗೆದುಕೊಳ್ಳಲಿಲ್ಲ.

ಆ ಎರಡು ಗಂಟೆ ಅವಳು ನನ್ನ ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಒಂದು ಮಾತಿಲ್ಲ. ಏನೂ ಬೇಕು ಅನ್ನಲಿಲ್ಲ. "ನಾನೇ" ಅನ್ನಲಿಲ್ಲ. ರಕ್ತ ಕೊಡೋಕೆ ಎದ್ದಾಗ ದುಪಟ್ಟಾ ಸಮೇತ ಎದ್ದಳು. ಬಾತ್‌ರೂಮಿಗೂ ಬಂದಳು. ಹೊರಡುವಾಗ ಚಪ್ಪಲಿ ಕಾಲಿಗೆ ನಾನು ಹಾಕಿದೆ, ಬೇಡ ಅನ್ನಲಿಲ್ಲ. ಕಾಲು ಚಾಚಿ ಸುಮ್ಮನೆ ಕೂತಿದ್ದಳು. ಸರಿಯಾದ ಕಾಲಿಗೆ ಸರಿಯಾದ ಚಪ್ಪಲಿ. ನನಗೆ ಅಳು ಬಂತು.

ರಾತ್ರಿ ಮಲಗಿದಾಗ ಕೇಳಿದಳು. "ಪಾಪು ಬಂದ್ರೆ ಅಮ್ಮ ಹೋಗ್ತಾಳಾ?"

ಆಮೇಲೆ ಒಂದು ವಾರ ದಿನಾ ರಾತ್ರಿ ಅದೇ ಪ್ರಶ್ನೆ. ನಾನು ಪ್ರತಿ ಸಲವೂ ಒಂದೇ ಉತ್ತರ ಹೇಳಿದೆ. "ಅಮ್ಮ ಹೋಗಲ್ಲ. ಪಾಪುನೂ ಇರುತ್ತೆ, ನೀನೂ ಇರ್ತೀಯ, ಅಮ್ಮನೂ ಇರ್ತಾಳೆ." ಅವತ್ತು ಆ ಕುರ್ಚಿಯ ಮೇಲೆ ಕೂತಾಗಲೇ, ಅವರ ಮುಂದೆಯೇ ಇದನ್ನ ಜೋರಾಗಿ ಹೇಳಬೇಕಿತ್ತು. ದೊಡ್ಡವರ ಎದುರು ಮಾತಾಡೋದು ಬೇಡ ಅಂತ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಇನ್ನೂ ಚುಚ್ಚುತ್ತದೆ. ಅದಕ್ಕೇ ಈಗ ಮರ್ಯಾದೆ ಬಿಟ್ಟು ಹೇಳುತ್ತಿದ್ದೇನೆ. ಆ ಮಾತನ್ನ ಮಕ್ಕಳಿಗೆ ಹೇಳಬೇಡಿ. ತಮಾಷೆಗೂ ಹೇಳಬೇಡಿ. "ಇನ್ನು ನಿನ್ನ ಯಾರು ಎತ್ಕೋತಾರೆ?" "ನಿನ್ನ ಹಾಸಿಗೆ ಇನ್ನು ಪಾಪುಗೆ." ಇದರಲ್ಲಿ ನಗುವಂಥದ್ದು ಏನಿದೆ? ಹಟ ಮಾಡುವ ಮಗುವಿಗೆ ತನ್ನ ಜಾಗ ಗಟ್ಟಿಯಿದೆ ಅನ್ನೋ ಧೈರ್ಯ ಇರುತ್ತದೆ. ಆ ಧೈರ್ಯವನ್ನು ಒಂದು ಮಾತಲ್ಲಿ ಕಿತ್ತುಕೊಂಡು, ಮಗು ಒಳ್ಳೆಯದಾಯಿತು ಎನ್ನುತ್ತೀರಲ್ಲ.

ಉಳಿದ ಪ್ರಶ್ನೆಗಳನ್ನ ಬೇಗ ಮುಗಿಸುತ್ತೇನೆ. ಅಂತರ ಕಡಿಮೆ ಆಯ್ತಲ್ವಾ? ಇಲ್ಲ. ಒಂದು ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳಾದರೂ ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವು ಬಿಟ್ಟಿದ್ದೇವೆ. ಅವಳನ್ನ ಎತ್ತಿಕೊಳ್ಳಬಹುದಾ? ನನಗೆ ಬೇರೆ ತೊಂದರೆ ಇಲ್ಲದ್ದರಿಂದ ಡಾಕ್ಟರ್ ಬೇಡ ಅಂದಿಲ್ಲ. ಮಂಡಿ ಮಡಚಿ, ಮೈಗೆ ಒತ್ತಿಕೊಂಡು ಎತ್ತುತ್ತೇನೆ. ಜಾಸ್ತಿ ಹೊತ್ತು ಹೊತ್ತುಕೊಂಡು ತಿರುಗಲ್ಲ. ಈ ಸಲ ಗಂಡೇ ಇರಬೇಕು ಅಲ್ವಾ? ಗೊತ್ತಿಲ್ಲ, ಕೇಳಿಲ್ಲ, ಕೇಳಲ್ಲ. ಹೇಳಬಾರದು ಅಂತ 1994ರ ಕಾನೂನಿದೆ, ಸ್ಕ್ಯಾನಿಂಗ್ ಕೋಣೆಯ ಗೋಡೆ ಮೇಲೆ ಬೋರ್ಡೂ ಇದೆ. ರಜೆ ಎಷ್ಟು ಸಿಗುತ್ತೆ? 2017ರ ತಿದ್ದುಪಡಿ ಆದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ. ನನ್ನ ಗಂಡನಿಗೆ? ಖಾಸಗಿ ಕಂಪನಿಯಲ್ಲಿರುವ ಅಪ್ಪಂದಿರಿಗೆ ಇಷ್ಟು ರಜೆ ಕೊಡಲೇಬೇಕು ಅನ್ನೋ ಕಾನೂನೇ ಇಲ್ಲ. ವರ್ಷವಿಡೀ ಕೂಡಿಟ್ಟ ರಜೆ ಹಾಕುತ್ತಾರೆ. "ಎರಡನ್ನ ಹೇಗೆ ಸಂಭಾಳಿಸ್ತೀಯ" ಅಂತ ಅವರನ್ನ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಚಪ್ಪಲಿಗೆ ಹತ್ತು ನಿಮಿಷ ಅವರೂ ಕಾಯುತ್ತಾರೆ. ರಾತ್ರಿ ರಚ್ಚೆ ಹಿಡಿದಾಗ ಭುಜದ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಓಡಾಡುವುದು ಅವರೇ.

ನನಗೆ ಬೇರೆ ಒಂದು ಪ್ರಶ್ನೆ ಬೇಕಿತ್ತು. ಇವಳ ಜೊತೆ ಒಬ್ಬಳೇ ಇರೋ ದಿನ ಇನ್ನೆಷ್ಟು ಉಳಿದಿದೆ, ಹೇಗೆ ಕಳೀತಿದ್ದೀಯ? ಇದನ್ನ ಯಾರಾದರೂ ಕೇಳಿದ್ದರೆ ಕೂರಿಸಿ ಕಾಫಿ ಕೊಟ್ಟು ಉತ್ತರ ಹೇಳುತ್ತಿದ್ದೆ.

ಸುಮಾರು ಎಪ್ಪತ್ತು ದಿನ ಉಳಿದಿದೆ. ಅವಳಿಗೆ ವಾರದ ಲೆಕ್ಕ ಗೊತ್ತಾಗಲ್ಲ. ಹಾಗಾಗಿ ಹಬ್ಬದ ಲೆಕ್ಕ ಹೇಳಿದ್ದೇವೆ. ಮೊದಲು ದಸರಾ ಲೈಟು ಬರುತ್ತೆ, ಗೊಂಬೆ ಕೂರಿಸ್ತೀವಿ, ಆನೆ ಬರುತ್ತೆ. ಆಮೇಲೆ ದೀಪಾವಳಿ. ಆಮೇಲೆ ಪಾಪು. ನನ್ನ ಅಮ್ಮ ತಿಪಟೂರಿನಿಂದ ದಸರಾ ಹೊತ್ತಿಗೇ ಬಂದು ಉಳಿಯುತ್ತಾರೆ. ನಾನು ಆಸ್ಪತ್ರೆಯಲ್ಲಿರುವ ರಾತ್ರಿ ಇವಳು ಮೊದಲ ಸಲ ಅಜ್ಜಿ ಪಕ್ಕ ಮಲಗುವಂತಾಗಬಾರದು, ಅದಕ್ಕೆ. ಬೇರೆ ಹಾಸಿಗೆ, ಪ್ಲೇ ಹೋಮ್, ಯಾವುದನ್ನೂ ಈಗ ಶುರು ಮಾಡುತ್ತಿಲ್ಲ. ಪಾಪು ಬಂದದ್ದಕ್ಕೇ ತನ್ನನ್ನ ಕಳಿಸಿದರು ಅಂತ ಅವಳಿಗೆ ಅನ್ನಿಸಬಾರದು.

ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇವೆ. ಏರಿಯ ಮೇಲೆ ಪೂರ್ತಿ ನಡೆಯೋಕೆ ನನಗೀಗ ಆಗಲ್ಲ. ಅವಳಿಗೂ ಅದು ಬೇಕಿಲ್ಲ. ದಾರಿಯಲ್ಲಿ ಕಂಡ ಪ್ರತಿ ಕಲ್ಲನ್ನೂ ಮಾತಾಡಿಸಬೇಕು. ಕೊಕ್ಕಿನ ಕೆಳಗೆ ಚೀಲವಿರುವ ಹೆಜ್ಜಾರ್ಲೆ ನೀರಿಗೆ ಇಳಿದರೆ "ಅಮ್ಮಾ, ಚೀಲದ್ ಹಕ್ಕಿ!" ಅಂತ ಕಿರುಚುತ್ತಾಳೆ. ಹೊಟ್ಟೆಯೊಳಗಿನ ಮಗುವಿಗೂ ಈಗ ಹೊರಗಿನ ಸದ್ದು ಕೇಳಿಸುತ್ತದೆ. ಹುಟ್ಟುವ ಮುಂಚೆಯೇ ಅದಕ್ಕೆ ಅಕ್ಕನ ದನಿ ಚೆನ್ನಾಗಿ ಪರಿಚಯ ಆಗಿರುತ್ತದೆ. ಅದನ್ನ ನೆನೆದರೆ ನನಗೆ ಖುಷಿಯಾಗುತ್ತದೆ. ಇಬ್ಬರೇ ಬರುವ ಭಾನುವಾರ ಇನ್ನು ಎಂಟೋ ಒಂಬತ್ತೋ ಇದೆ ಅಂತ ನೆನೆದರೆ ಗಂಟಲು ಕಟ್ಟುತ್ತದೆ. ಎರಡೂ ನಿಜ. ಎರಡನ್ನೂ ಇಟ್ಟುಕೊಂಡಿದ್ದೇನೆ.

ಸೀಮಂತ ನಮ್ಮಲ್ಲಿ ಚೊಚ್ಚಲಿಗೆ ಮಾತ್ರ. ಈ ಸಲ ಅದಿಲ್ಲ. ಆದರೂ ಹೋದ ವಾರ ಅಮ್ಮ ಬಂದವರು ಹಸಿರು ಗಾಜಿನ ಬಳೆ ಒಂದು ಡಜನ್ ತಂದಿದ್ದರು. "ನಂಗೆ" ಅಂದಳು ಮಗಳು. ಒಂದು ಕೊಟ್ಟೆ. ನನ್ನ ಅಳತೆಯ ಬಳೆ ಅವಳ ಮೊಣಕೈ ದಾಟಿ ತೋಳಿಗೆ ಹೋಗಿ ಕೂತಿತು. ಗಾಜು ಒಡೆದೀತು ಅಂತ ನನಗೆ ಜೀವ ಕೈಯಲ್ಲಿ. ತೆಗೆಯೋಕೆ ಬಿಡಲಿಲ್ಲ.

ರಾತ್ರಿ ಕತೆ ಹೇಳೋಕೆ ಮಡಿಲಲ್ಲಿ ಕೂರಿಸಿಕೊಂಡೆ. ಮಡಿಲು ಈಗ ಅಂಗೈಯಗಲ ಉಳಿದಿದೆ. ಎದುರಿಗೆ ಕೂತು ನೋಡಿದಳು, ಜಾರಿದಳು. ಬೆನ್ನು ಹಾಕಿ ಕೂತಳು, ಮತ್ತೆ ಜಾರಿದಳು. ಕೊನೆಗೆ ಪಕ್ಕಕ್ಕೆ ತಿರುಗಿ ನನ್ನ ಒಂದೇ ತೊಡೆಯ ಮೇಲೆ ಕೂತು, ಬಳೆ ಹಾಕಿದ ತೋಳನ್ನ ಹೊಟ್ಟೆಗೆ ಒತ್ತಿ ಹೇಳಿದಳು.

"ಪಾಪು, ಆ ಕಡೆ ಸರಿ."

ಕಾದಳು. ಒಳಗಿಂದ ಸರಿಯಾಗಿ ಅವಳ ತೋಳಿದ್ದ ಜಾಗಕ್ಕೇ ಒಂದು ಒದೆ ಬಿತ್ತು. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಹುಬ್ಬು ಗಂಟಿಕ್ಕಿತ್ತು.

"ಅಮ್ಮಾ, ಪಾಪು ಮಾತೇ ಕೇಳಲ್ಲ."

ಹೌದಾ ಅಂದೆ. ಹೂಂ ಅಂದಳು. ನನ್ನ ಎಡಗೈಯನ್ನ ಎಳೆದು ತನ್ನ ಸುತ್ತ ಹಾಕಿಕೊಂಡು, ಕತೆಯನ್ನ ಮೊದಲಿಂದ ಹೇಳು ಅಂದಳು.